ವಿಮೆ ಇಲ್ಲದ ಗಾಡಿ ಗುದ್ದಿದರೆ ದುಡ್ಡು ಯಾರದು? ಪ್ರೀಮಿಯಂ ಮತ್ತು ಪೈಪೋಟಿಯ ಲೆಕ್ಕ

ವರ್ಷಪೂರ್ತಿ ಒಂದೂ ಕ್ಲೇಮು ಮಾಡಿಲ್ಲ. ಗಾಡಿಗೆ ಗೀರು ಕೂಡ ಬಿದ್ದಿಲ್ಲ. ಆದರೂ ಈ ಸಲದ ಪ್ರೀಮಿಯಂ ಹೋದ ಸಲಕ್ಕಿಂತ ಜಾಸ್ತಿ. ಹೀಗೇಕೆ ಎಂದು ಈಚಿನ ವರ್ಷಗಳಲ್ಲಿ ಎಷ್ಟೋ ದೇಶಗಳ ಕಾರು ಮಾಲೀಕರು ಕೇಳುತ್ತಿದ್ದಾರೆ. ಅಮೆರಿಕದಲ್ಲಿ 2024ರ ಏಪ್ರಿಲ್‌ನಲ್ಲಿ ವಾಹನ ವಿಮೆಯ ದರ ಒಂದು ವರ್ಷದ ಹಿಂದೆ ಇದ್ದದ್ದಕ್ಕಿಂತ ಶೇ. 22ಕ್ಕೂ ಜಾಸ್ತಿ ಇತ್ತು. ಬಿಡಿಭಾಗಗಳ ಬೆಲೆ, ಗ್ಯಾರೇಜಿನ ಕೂಲಿ, ಆಸ್ಪತ್ರೆಯ ಬಿಲ್ಲು ಎಲ್ಲವೂ ಏರಿದ್ದು ಇದಕ್ಕೆ ದೊಡ್ಡ ಕಾರಣ. ಅದರ ಜೊತೆಗೆ ಬಿಲ್ಲಿನಲ್ಲಿ ಎಲ್ಲೂ ಹೆಸರು ಕಾಣಿಸದ ಇನ್ನೊಂದು ಖರ್ಚೂ ಇದೆ. ವಿಮೆಯೇ ಇಲ್ಲದೆ ರಸ್ತೆಗಿಳಿದವರು ಮಾಡುವ ಹಾನಿಯ ಖರ್ಚು ಅದು.

ಇಷ್ಟೊಂದು ವಿಮಾ ಕಂಪನಿಗಳು ಗ್ರಾಹಕರಿಗಾಗಿ ಪೈಪೋಟಿ ನಡೆಸುತ್ತಿರುವಾಗ ಈ ಖರ್ಚು ತಾನಾಗಿಯೇ ಇಳಿಯಬೇಕಿತ್ತು, ಅಲ್ವಾ? ಇಳಿಯುವುದಿಲ್ಲ. ಏಕೆ ಎನ್ನುವುದನ್ನು ತಿಳಿಯಲು ವಿಮೆಯ ಮೂಲ ಲೆಕ್ಕದಿಂದಲೇ ಶುರು ಮಾಡಬೇಕು.

ಎರಡು ಬಗೆಯ ವಿಮೆ

ಗಾಡಿಯ ವಿಮೆಯಲ್ಲಿ ಎರಡು ಭಾಗಗಳಿವೆ. ನಿಮ್ಮ ಗಾಡಿಗೇ ಪೆಟ್ಟಾದರೆ, ಕಳುವಾದರೆ ದುಡ್ಡು ಕೊಡುವುದು ಒಂದು. ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಕೊಡುವುದು ಇನ್ನೊಂದು. ಇದನ್ನೇ ಥರ್ಡ್ ಪಾರ್ಟಿ ವಿಮೆ ಅನ್ನುತ್ತಾರೆ. ನೀವು ಮೊದಲನೆಯವರು, ಕಂಪನಿ ಎರಡನೆಯದು, ಪೆಟ್ಟು ತಿಂದವರು ಮೂರನೆಯವರು.

ಕಾನೂನು ಕಡ್ಡಾಯ ಮಾಡಿರುವುದು ಈ ಎರಡನೆಯ ಭಾಗವನ್ನು. ನಿಮ್ಮ ಕಾರು ನಜ್ಜುಗುಜ್ಜಾದರೆ ಅದು ನಿಮ್ಮ ನಷ್ಟ. ವಿಮೆ ಮಾಡಿಸುವುದು, ಬಿಡುವುದು ನಿಮ್ಮ ಇಷ್ಟ. ಆದರೆ ರಸ್ತೆ ದಾಟುತ್ತಿದ್ದವರ ಕಾಲು ಮುರಿದರೆ? ಅವರು ನಿಮ್ಮೊಡನೆ ಯಾವ ಒಪ್ಪಂದವನ್ನೂ ಮಾಡಿಕೊಂಡಿರಲಿಲ್ಲ. ನಿಮ್ಮ ಜೇಬು ಖಾಲಿ ಎಂಬ ಕಾರಣಕ್ಕೆ ಅವರು ನರಳಬಾರದು. ಈ ವಿಚಾರದ ಮೇಲೆಯೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲಿ ವಿಮೆಯನ್ನು ಕಡ್ಡಾಯ ಮಾಡಿತು. ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಅದನ್ನೇ ಮಾಡಿತು. ಭಾರತದಲ್ಲಿ ಈಗ ಇರುವುದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ಓಡಿಸುವಂತಿಲ್ಲ ಎನ್ನುತ್ತದೆ ಅದು.

ಕಾನೂನು ಇದ್ದರೂ ವಿಮೆ ಏಕೆ ಇರುವುದಿಲ್ಲ?

ವಿಮೆ ಇಲ್ಲದವರೆಲ್ಲ ಬೇಕಂತಲೇ ಕಾನೂನು ಮುರಿದವರಲ್ಲ. ಗಾಡಿ ಕೊಳ್ಳುವಾಗ ಮಾಡಿಸಿದ ಪಾಲಿಸಿಯ ಅವಧಿ ಮುಗಿದದ್ದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಕಂತಿನಲ್ಲಿ ಕಟ್ಟುತ್ತಿದ್ದವರು ಒಂದು ಕಂತು ತಪ್ಪಿಸಿದಾಗ ಪಾಲಿಸಿ ರದ್ದಾಗಿರುತ್ತದೆ. ಕೆಲವರು ನಕಲಿ ಏಜೆಂಟರಿಗೆ ದುಡ್ಡು ಕೊಟ್ಟು, ಬರೀ ಕಾಗದವನ್ನು ಪಾಲಿಸಿ ಎಂದು ನಂಬಿಕೊಂಡಿರುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಏಜೆಂಟರಿಗೆ ‘ಭೂತ ದಲ್ಲಾಳಿ’ ಎಂದೇ ಹೆಸರು. ಕಡಿಮೆ ದರ ಹುಡುಕುವ ಹುಡುಗರು ಇವರ ಬಲೆಗೆ ಬೀಳುವುದು ಜಾಸ್ತಿ.

ಉಳಿದವರು ಲೆಕ್ಕ ಹಾಕಿಯೇ ಬಿಟ್ಟವರು. ಆ ಲೆಕ್ಕ ಹೀಗಿದೆ. ಥರ್ಡ್ ಪಾರ್ಟಿ ವಿಮೆ ಕಾಪಾಡುವುದು ಮಾಲೀಕನ ಆಸ್ತಿಯನ್ನು. ಕೋರ್ಟು ಹತ್ತು ಲಕ್ಷ ಕೊಡು ಎಂದರೆ ಕಂಪನಿ ಕೊಡುತ್ತದೆ, ಮಾಲೀಕನ ಮನೆ ಉಳಿಯುತ್ತದೆ. ಮನೆಯೂ ಇಲ್ಲ, ಉಳಿತಾಯವೂ ಇಲ್ಲ ಎನ್ನುವವನಿಗೆ ಕಳೆದುಕೊಳ್ಳಲು ಏನಿದೆ? ಅವನಿಗೆ ಪ್ರೀಮಿಯಂ ಅಂದರೆ ಬರೀ ಖರ್ಚು. ಅವನು ಗುದ್ದಿದವರಿಗೆ ಮಾತ್ರ ಆ ವಿಮೆ ತುಂಬ ಬೇಕು.

ದಂಡದ ಭಯ ಇಲ್ಲವೇ? ಭಾರತದಲ್ಲಿ 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ 4,000. ಮೂರು ತಿಂಗಳವರೆಗೆ ಜೈಲೂ ಆಗಬಹುದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ 75ರಿಂದ 150 ಸಿಸಿ ಬೈಕಿಗೆ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ. ದಂಡವೇ ಎಷ್ಟೋ ಜಾಸ್ತಿ. ಹಾಗಿದ್ದರೂ ವಿಮೆ ಇಲ್ಲದ ಬೈಕುಗಳು ರಸ್ತೆಯಲ್ಲಿ ಬೇಕಾದಷ್ಟಿವೆ. ಏಕೆಂದರೆ ಸವಾರ ಅಳೆಯುವುದು ದಂಡದ ಮೊತ್ತವನ್ನಲ್ಲ, ಸಿಕ್ಕಿಬೀಳುವ ಸಾಧ್ಯತೆಯನ್ನು. 714ನ್ನು 2,000ದಿಂದ ಭಾಗಿಸಿ ನೋಡಿ. ವರ್ಷದಲ್ಲಿ ಸಿಕ್ಕಿಬೀಳುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಕಡಿಮೆ ಅನ್ನಿಸಿದರೆ, ಬರೀ ದುಡ್ಡಿನ ಲೆಕ್ಕದಲ್ಲಿ ವಿಮೆ ಬಿಡುವುದೇ ಅವನಿಗೆ ಲಾಭ. ಬ್ರಿಟನ್ನಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಸ್ಥಳದಲ್ಲೇ ಹಾಕುವ ದಂಡ 300 ಪೌಂಡ್, ಲೈಸೆನ್ಸಿಗೆ 6 ಪೆನಾಲ್ಟಿ ಪಾಯಿಂಟು. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನ ಪ್ರೀಮಿಯಂ ಆ ದಂಡಕ್ಕಿಂತ ಎಷ್ಟೋ ಪಟ್ಟು ಇರುತ್ತದೆ.

ಎಲ್ಲ ಕಡೆಯೂ ಕಡ್ಡಾಯ ಇದೆ ಎಂದೂ ತಿಳಿಯಬೇಡಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಎಲ್ಲರೂ ವಿಮೆ ಮಾಡಿಸಲೇಬೇಕು ಎಂಬ ಕಾನೂನಿಲ್ಲ. ವರ್ಜೀನಿಯಾದಲ್ಲಿ 500 ಡಾಲರ್ ಶುಲ್ಕ ಕಟ್ಟಿ ವಿಮೆ ಇಲ್ಲದೆಯೇ ಗಾಡಿ ಓಡಿಸುವ ಅವಕಾಶ 2024ರ ಜೂನ್‌ವರೆಗೂ ಇತ್ತು.

ಎಣಿಸುವುದು ಹೇಗೆ?

‘ನಿಮಗೆ ವಿಮೆ ಇದೆಯಾ’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಹಾಗಾಗಿ ಅಮೆರಿಕದಲ್ಲಿ ವಿಮಾ ಸಂಶೋಧನಾ ಮಂಡಳಿ ಒಂದು ಜಾಣ ದಾರಿ ಹಿಡಿದಿದೆ. ಅಪಘಾತದಲ್ಲಿ ಗಾಯಗೊಂಡವರು ಎರಡು ಬಗೆಯ ಕ್ಲೇಮು ಹಾಕುತ್ತಾರೆ. ಗುದ್ದಿದವನಿಗೆ ವಿಮೆ ಇದ್ದರೆ ಅವನ ಕಂಪನಿಯ ಮೇಲೆ. ಇಲ್ಲದಿದ್ದರೆ ತಮ್ಮದೇ ಕಂಪನಿಯ ಮೇಲೆ. ಎರಡನೆಯದು ಮೊದಲನೆಯದರ ಎಷ್ಟು ಪಾಲು ಎಂದು ನೋಡಿದರೆ ವಿಮೆ ಇಲ್ಲದವರ ಅಂದಾಜು ಸಿಗುತ್ತದೆ. 2019ರಲ್ಲಿ ಅದು ಶೇ. 12.6 ಇತ್ತು, ಅಂದರೆ ಎಂಟು ಚಾಲಕರಲ್ಲಿ ಒಬ್ಬ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಮಾತ್ರ ಅಗಾಧ. ಅದೇ ವರ್ಷ ಮಿಸಿಸಿಪ್ಪಿಯಲ್ಲಿ ಶೇ. 29.4, ನ್ಯೂಜೆರ್ಸಿಯಲ್ಲಿ ಶೇ. 3.1.

ಡಿಕ್ಕಿಯ ನಂತರ ದುಡ್ಡು ಹೋಗುವ ದಾರಿ

ಸಿಗ್ನಲ್ ಕೆಂಪಾಗಿದೆ. ಒಂದು ಕಾರು ನಿಂತಿದೆ. ಹಿಂದಿನಿಂದ ಬಂದ ಇನ್ನೊಂದು ಕಾರು ಬ್ರೇಕ್ ಹಿಡಿಯದೆ ಗುದ್ದುತ್ತದೆ. ನಿಂತಿದ್ದ ಕಾರಿನ ಡಿಕ್ಕಿಯ ಬಾಗಿಲು ಒಳಗೆ ಮಡಚಿಕೊಂಡಿದೆ. ಓಡಿಸುತ್ತಿದ್ದ ಮಹಿಳೆಯ ಕುತ್ತಿಗೆ ತಿರುಗುತ್ತಿಲ್ಲ. ಹಿಂದಿನ ಸೀಟಿನಲ್ಲಿದ್ದ ಅವರ ತಂದೆಯ ಪಕ್ಕೆಲುಬು ಮುರಿದಿದೆ. ಗುದ್ದಿದವನು ಪಾಲಿಸಿ ಪತ್ರವನ್ನೇನೋ ತೋರಿಸುತ್ತಾನೆ. ಅವಧಿ ನಾಲ್ಕು ತಿಂಗಳ ಹಿಂದೆಯೇ ಮುಗಿದಿದೆ.

ಇಲ್ಲಿಂದ ಮುಂದೆ ಆ ಕುಟುಂಬಕ್ಕೆ ಏನಾಗುತ್ತದೆ ಎನ್ನುವುದು ಅವರು ಯಾವ ದೇಶದಲ್ಲಿದ್ದಾರೆ ಎನ್ನುವುದರ ಮೇಲಿದೆ.

ಅಮೆರಿಕದಲ್ಲಾದರೆ ಅವರ ಪಾಲಿಸಿಯಲ್ಲೇ ‘ವಿಮೆ ಇಲ್ಲದ ಚಾಲಕ’ ಎಂಬ ಭಾಗ ಇರಬಹುದು. ಕೆಲವು ರಾಜ್ಯಗಳಲ್ಲಿ ಅದು ಕಡ್ಡಾಯ. ಗುದ್ದಿದವನ ಕಂಪನಿ ಕೊಡಬೇಕಿದ್ದ ಪರಿಹಾರವನ್ನು ಇವರ ಕಂಪನಿಯೇ ಕೊಡುತ್ತದೆ. ಆದರೆ ಅದಕ್ಕೆ ಪ್ರೀಮಿಯಂ ಕಟ್ಟಿದವರು ಪೆಟ್ಟು ತಿಂದವರೇ.

ಬ್ರಿಟನ್ನಿನಲ್ಲಾದರೆ 1946ರಲ್ಲಿ ಹುಟ್ಟಿದ ಮೋಟಾರು ವಿಮೆಗಾರರ ಬ್ಯೂರೋ ಇದೆ. ಗುದ್ದಿದವನಿಗೆ ವಿಮೆ ಇಲ್ಲದಿದ್ದರೂ, ಗುದ್ದಿ ಪರಾರಿಯಾಗಿದ್ದರೂ ಪರಿಹಾರ ಕೊಡುವುದು ಅದೇ. ವಾಹನ ವಿಮೆ ಮಾರುವ ಪ್ರತಿ ಕಂಪನಿಯೂ ತನ್ನ ವ್ಯವಹಾರಕ್ಕೆ ತಕ್ಕಂತೆ ಅದಕ್ಕೆ ವಂತಿಗೆ ಕೊಡಬೇಕು. ಕಂಪನಿಗಳು ಆ ವಂತಿಗೆಯನ್ನು ತಮ್ಮ ಗ್ರಾಹಕರಿಂದ ವಸೂಲಿ ಮಾಡುತ್ತವೆ. 2011ರ ಸುಮಾರಿಗೆ ಅಲ್ಲಿನ ಸರ್ಕಾರ ಹೇಳಿದ ಲೆಕ್ಕ ಇದು: ವಿಮೆ ಇಲ್ಲದವರಿಂದಾಗಿ ಪ್ರತಿ ಪಾಲಿಸಿಯ ಮೇಲೆ ವರ್ಷಕ್ಕೆ ಸುಮಾರು 30 ಪೌಂಡ್ ಹೊರೆ.

ಭಾರತದಲ್ಲಾದರೆ ನ್ಯಾಯಮಂಡಳಿ ಪರಿಹಾರದ ಆದೇಶವನ್ನು ಗುದ್ದಿದ ಗಾಡಿಯ ಮಾಲೀಕನ ಮೇಲೆಯೇ ಮಾಡುತ್ತದೆ. ಅವನ ಹತ್ತಿರ ಇದ್ದರೆ ಸಿಗುತ್ತದೆ. ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ. ಗುದ್ದಿ ಪರಾರಿಯಾದ ಪ್ರಕರಣಗಳಿಗೆ ಸರ್ಕಾರದ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಅದರಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ದುಡಿಯುವ ಒಬ್ಬರನ್ನು ಕಳೆದುಕೊಂಡ ಮನೆಗೆ ಈ ಮೊತ್ತ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಮೂರೂ ಕಡೆ ಆದ ನಷ್ಟ ಒಂದೇ ಥರದ್ದು. ವಿಮೆ ಮಾಡಿಸಿದವರು ಹಂಚಿಕೊಳ್ಳುತ್ತಾರೆಯೋ, ಪೆಟ್ಟು ತಿಂದವರು ಒಬ್ಬರೇ ಹೊರುತ್ತಾರೆಯೋ ಎನ್ನುವುದಷ್ಟೇ ವ್ಯತ್ಯಾಸ.

ಪೈಪೋಟಿಗೆ ಏನು ಸಾಧ್ಯ, ಏನು ಅಸಾಧ್ಯ

ಪ್ರೀಮಿಯಂ ಅನ್ನು ಬಿಡಿಸಿ ನೋಡೋಣ. ಅದರ ದೊಡ್ಡ ಪಾಲು ಮುಂದೆ ಬರಬಹುದಾದ ಕ್ಲೇಮುಗಳಿಗೆ. ಆಮೇಲೆ ಆಫೀಸಿನ ಖರ್ಚು, ಏಜೆಂಟರ ಕಮಿಷನ್, ಜಾಹೀರಾತು, ಲಾಭ.

ಒಂದು ಕಂಪನಿ ಏಜೆಂಟರಿಲ್ಲದೆ ಆನ್‌ಲೈನ್‌ನಲ್ಲೇ ಮಾರಿ ಕಮಿಷನ್ ಉಳಿಸಿತು ಅನ್ನಿ. ಅದರ ದರ ಇಳಿಯುತ್ತದೆ, ಗ್ರಾಹಕರು ಅತ್ತ ವಾಲುತ್ತಾರೆ. ಉಳಿದ ಕಂಪನಿಗಳೂ ಇಳಿಸಲೇಬೇಕು. ಸುಳ್ಳು ಕ್ಲೇಮುಗಳನ್ನು ಚುರುಕಾಗಿ ಹಿಡಿಯುವ ಕಂಪನಿಗೂ ಇದೇ ಲಾಭ. ಒಬ್ಬರು ಇನ್ನೊಬ್ಬರಿಗಿಂತ ಚೆನ್ನಾಗಿ ಮಾಡಬಹುದಾದ ಕೆಲಸದ ಖರ್ಚನ್ನೆಲ್ಲ ಪೈಪೋಟಿ ಹಿಂಡಿ ಇಳಿಸುತ್ತದೆ.

ಆದರೆ ವಿಮೆ ಇಲ್ಲದವರ ಖರ್ಚು ಎಲ್ಲ ಕಂಪನಿಗಳ ಮೇಲೂ ಒಂದೇ ಸಮ ಬೀಳುವಂಥದ್ದು. ಒಂದು ಕಂಪನಿ ತನ್ನ ದುಡ್ಡು ಸುರಿದು ಅಂಥವರನ್ನು ಹುಡುಕಿ ಕಡಿಮೆ ಮಾಡಿತು ಎಂದಿಟ್ಟುಕೊಳ್ಳಿ. ಉಳಿತಾಯ ಎದುರಾಳಿಗಳಿಗೂ ಸಮವಾಗಿ ಹಂಚಿಹೋಗುತ್ತದೆ. ಖರ್ಚು ಮಾತ್ರ ಅದರದ್ದೇ. ಹೀಗಿರುವಾಗ ಯಾವ ಕಂಪನಿ ಒಂಟಿಯಾಗಿ ಆ ಕೆಲಸಕ್ಕೆ ಇಳಿಯುತ್ತದೆ? ಎಲ್ಲರ ಖರ್ಚೂ ಒಟ್ಟಿಗೇ ಏರಿದಾಗ ಎಲ್ಲರೂ ಒಟ್ಟಿಗೇ ದರ ಏರಿಸುತ್ತಾರೆ. ಗ್ರಾಹಕ ಕಂಪನಿ ಬದಲಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹತ್ತು ಮನೆಗಳಿರುವ ಕಟ್ಟಡದ ಮೆಟ್ಟಿಲ ದೀಪದ ಬಿಲ್ಲು ಹೀಗೇ ಅಲ್ಲವೇ? ಬಿಲ್ಲು 1,000 ಬಂದರೆ ಮನೆಗೆ 100. ಎರಡು ಮನೆಯವರು ಕೊಡದಿದ್ದರೆ ಉಳಿದ ಎಂಟು ಮನೆಗೆ 125. ಅದು ಜಾಸ್ತಿಯಾಯಿತು ಎಂದು ಇನ್ನೊಬ್ಬರೂ ಕೈಬಿಟ್ಟರೆ ಏಳು ಮನೆಗೆ ಸುಮಾರು 143. ಯಾರ ಮನೆಯವರು ಎಷ್ಟೇ ಜಾಣತನದಿಂದ ತಮ್ಮ ಮನೆಯೊಳಗಿನ ಕರೆಂಟು ಉಳಿಸಿದರೂ ಈ ಬಿಲ್ಲು ಇಳಿಯುವುದಿಲ್ಲ.

ಹಾಗಂತ ಪೈಪೋಟಿಯಿಂದ ಉಪಯೋಗವೇ ಇಲ್ಲ ಎಂದಲ್ಲ. ಬೇರೆ ಯಾವುದೋ ಕ್ರಮದಿಂದ ಈ ಸಾಮಾನ್ಯ ಖರ್ಚು ಇಳಿದಾಗ, ಆ ಉಳಿತಾಯ ಕಂಪನಿಯ ಲಾಭಕ್ಕೆ ಸೇರದೆ ಗ್ರಾಹಕರ ಕೈ ಸೇರುವಂತೆ ಮಾಡುವುದು ಇದೇ ಪೈಪೋಟಿ.

ಬಿಟ್ಟವರು ಹೆಚ್ಚಿದಷ್ಟೂ ಬಿಡುವವರು ಹೆಚ್ಚು

125 ಇದ್ದದ್ದು 143 ಆದ ಬಗೆ ನೋಡಿದಿರಲ್ಲ? ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಾಹನ ವಿಮೆ ವಿಪರೀತ ದುಬಾರಿಯಾಗಿದ್ದಾಗ ಎರಿಕ್ ಸ್ಮಿತ್ ಮತ್ತು ರಾಂಡಲ್ ರೈಟ್ ಎಂಬ ಅರ್ಥಶಾಸ್ತ್ರಜ್ಞರು 1992ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ವಿಮೆ ಇಲ್ಲದವರು ಜಾಸ್ತಿ ಇರುವ ಊರಿನಲ್ಲಿ ವಿಮೆ ಇರುವವರ ಪ್ರೀಮಿಯಂ ಏರುತ್ತದೆ. ಏರಿದ್ದಕ್ಕೆ ಇನ್ನಷ್ಟು ಜನ ಬಿಡುತ್ತಾರೆ. ಅವರ ವಾದದ ತಿರುಳು ಇದು: ಒಂದೇ ಥರದ ಜನ, ಒಂದೇ ಥರದ ರಸ್ತೆಗಳಿರುವ ಎರಡು ಊರುಗಳಲ್ಲಿ ಒಂದು ಕಡಿಮೆ ದರದಲ್ಲೂ, ಇನ್ನೊಂದು ದುಬಾರಿ ದರದಲ್ಲೂ ನೆಲೆ ನಿಲ್ಲಬಹುದು. ದುಬಾರಿ ಊರಿನಲ್ಲಿ ಎಷ್ಟೇ ಪೈಪೋಟಿ ಇದ್ದರೂ ಅದು ತಾನಾಗಿಯೇ ಅಗ್ಗದ ಕಡೆಗೆ ಜಾರುವುದಿಲ್ಲ.

ಇನ್ನೊಂದು ಕಡೆಯಿಂದ ಪೈಪೋಟಿಯೇ ಕೆಲವರನ್ನು ಹೊರಗೆ ನೂಕುತ್ತದೆ. ಅಪಘಾತ ಕಡಿಮೆ ಮಾಡುವ ಗ್ರಾಹಕರನ್ನು ಸೆಳೆದುಕೊಂಡ ಕಂಪನಿ ಗೆಲ್ಲುತ್ತದೆ. ಅದಕ್ಕಾಗಿ ಪ್ರತಿಯೊಂದು ಕಂಪನಿಯೂ ವಯಸ್ಸು, ಪಿನ್‌ಕೋಡ್, ಗಾಡಿಯ ಮಾದರಿ, ಓಡಿಸುವ ದೂರ ಎಂದು ಜನರನ್ನು ತೆಳ್ಳಗೆ ಸೀಳಿ ದರ ಹಾಕುತ್ತದೆ. ನಲವತ್ತು ದಾಟಿದ, ಎಚ್ಚರದ ಚಾಲಕರಿಗೆ ಇದು ಒಳ್ಳೆಯದೇ. ಹಿಂದೆ ಎಲ್ಲರಿಗೂ ಒಂದೇ ದರ ಇದ್ದಾಗ ಅವರು ಬೇರೆಯವರ ಪಾಲನ್ನೂ ಕಟ್ಟುತ್ತಿದ್ದರು. ಆದರೆ ಆ ಪಾಲು ಈಗ ಹತ್ತೊಂಬತ್ತರ ಹುಡುಗನ, ಬಡ ಬಡಾವಣೆಯ ನಿವಾಸಿಯ ಬಿಲ್ಲಿಗೆ ಸೇರುತ್ತದೆ. ವಿಮೆ ಬಿಡುವ ಸಾಧ್ಯತೆ ಜಾಸ್ತಿ ಇರುವವರೂ ಅವರೇ. ಸಾಲ ತೀರಿಸಿದ ಇತಿಹಾಸ ನೋಡಿ ದರ ಹಾಕುವ ಪದ್ಧತಿ ಅಮೆರಿಕದ ಬಹುತೇಕ ರಾಜ್ಯಗಳಲ್ಲಿದೆ. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್ ಅದಕ್ಕೆ ಒಪ್ಪಿಲ್ಲ.

ಪೈಪೋಟಿ ಇದ್ದಂತೆ ಕಂಡರೂ ಇಲ್ಲದಿರುವ ಸಂದರ್ಭವೂ ಉಂಟು. ಬ್ರಿಟನ್ನಿನಲ್ಲಿ ಹೊಸಬರಿಗೆ ಅಗ್ಗದ ದರ ಕೊಟ್ಟು, ಸುಮ್ನೆ ವರ್ಷವರ್ಷ ನವೀಕರಿಸುವ ಹಳಬರಿಗೆ ಏರಿಸುತ್ತಾ ಹೋಗುವುದು ರೂಢಿಯಾಗಿತ್ತು. 2022ರ ಜನವರಿ 1ರಿಂದ ಅಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆ ಅದನ್ನು ನಿಲ್ಲಿಸಿತು. ಈಗ ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಜಾಸ್ತಿ ದರ ಹಾಕುವಂತಿಲ್ಲ.

ದರವನ್ನು ಸರ್ಕಾರವೇ ಕಟ್ಟಿಬಿಟ್ಟರೆ?

ದರ ಕೈಗೆಟುಕುವಂತೆ ಇರಲಿ ಎಂದು ಸರ್ಕಾರವೇ ನಿಗದಿ ಮಾಡಿದ ಉದಾಹರಣೆಗಳಿವೆ. ಮ್ಯಾಸಚೂಸೆಟ್ಸ್‌ನಲ್ಲಿ 2008ರವರೆಗೂ ಹಾಗೇ ಇತ್ತು. ದೇಶದ ದೊಡ್ಡ ಕಂಪನಿಗಳಲ್ಲಿ ಕೆಲವು ಆ ರಾಜ್ಯಕ್ಕೆ ಕಾಲೇ ಇಟ್ಟಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ನಿಯಂತ್ರಿತ ಪೈಪೋಟಿ ತೆರೆದ ಮೇಲೆ ಪ್ರೋಗ್ರೆಸಿವ್, ಗೈಕೋದಂಥವು ಬಂದವು. ನ್ಯೂಜೆರ್ಸಿಯಲ್ಲೂ ಬಿಗಿ ನಿಯಂತ್ರಣದ ಕಾಲದಲ್ಲಿ ಹಲವು ಕಂಪನಿಗಳು ಹೊರಟುಹೋಗಿದ್ದವು. 2003ರ ಸುಧಾರಣೆಯ ನಂತರ ಅವು ಮರಳಿದವು. ಅದೇ ಸುಧಾರಣೆಯಲ್ಲಿ ತೀರಾ ಬಡವರಿಗೆಂದು ದಿನಕ್ಕೆ ಒಂದು ಡಾಲರಿನ, ಅಂದರೆ ವರ್ಷಕ್ಕೆ 365 ಡಾಲರಿನ ಪಾಲಿಸಿಯನ್ನೂ ತಂದರು. ಒಂದು ಕಡೆ ಪೈಪೋಟಿಗೆ ಬಾಗಿಲು, ಇನ್ನೊಂದು ಕಡೆ ಅದು ಬಿಟ್ಟುಹಾಕುವವರಿಗೆ ಬೇರೆ ಬಾಗಿಲು. ಈ ಎರಡನ್ನೂ ಒಟ್ಟಿಗೆ ಮಾಡಿದ್ದು ನನಗೆ ಬಹಳ ಸರಿ ಕಾಣುತ್ತದೆ.

ಭಾರತದ್ದು ಅರ್ಧ ಅರ್ಧ ವ್ಯವಸ್ಥೆ. 2007ರಲ್ಲಿ ಸ್ವಂತ ಗಾಡಿಯ ಹಾನಿಯ ವಿಮೆಯ ದರವನ್ನು ಮಾರುಕಟ್ಟೆಗೆ ಬಿಟ್ಟರು. ಥರ್ಡ್ ಪಾರ್ಟಿ ದರ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ಹಾಗಾಗಿ ಕಂಪನಿಗಳು ರಿಯಾಯಿತಿ ಕೊಟ್ಟು ಹೊಡೆದಾಡುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಎಲ್ಲಿ ಕೇಳಿದರೂ ಅದೇ ದರ. ನಿಗದಿ ದರದಲ್ಲಿ ನಷ್ಟ ಎನ್ನಿಸಿದ ಲಾರಿಯಂಥ ಗಾಡಿಗಳನ್ನು ಕಂಪನಿಗಳು ದೂರ ಇಡುತ್ತವೆ ಎಂಬ ತೊಂದರೆ ಇದ್ದುದರಿಂದಲೇ, 2007ರಲ್ಲಿ ವಾಣಿಜ್ಯ ವಾಹನಗಳ ನಷ್ಟವನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳುವ ಒಂದು ಕೂಟ ಮಾಡಬೇಕಾಯಿತು.

ಫಲ ಕೊಟ್ಟ ದಾರಿಗಳು

ಬ್ರಿಟನ್ನಿನ ಅನುಭವದಲ್ಲಿ ದಂಡ ಏರಿಸಿದ್ದಕ್ಕಿಂತ ಪಟ್ಟಿ ಮಾಡಿದ್ದೇ ಮುಖ್ಯ. ಅಲ್ಲಿ ವಿಮೆ ಇರುವ ಎಲ್ಲ ಗಾಡಿಗಳ ಒಂದೇ ದತ್ತಾಂಶವಿದೆ. ಪೊಲೀಸರ ಕ್ಯಾಮೆರಾ ನಂಬರ್ ಪ್ಲೇಟು ಓದಿ ಕ್ಷಣದಲ್ಲಿ ಅದರೊಡನೆ ತಾಳೆ ನೋಡುತ್ತದೆ. 2005ರ ಕಾನೂನು ವಿಮೆ ಇಲ್ಲದ ಗಾಡಿಯನ್ನು ಸ್ಥಳದಲ್ಲೇ ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿತು. 2011ರಿಂದ ಗಾಡಿ ರಸ್ತೆಗೆ ಬರುವುದನ್ನು ಕಾಯುವುದೂ ಬೇಕಿಲ್ಲ. ನೋಂದಣಿ ಪಟ್ಟಿಯಲ್ಲಿದ್ದು ವಿಮೆ ಪಟ್ಟಿಯಲ್ಲಿಲ್ಲ ಎಂದರೆ ಮನೆಗೇ ನೋಟಿಸು. ಗಾಡಿ ಓಡಿಸುವುದಿಲ್ಲ ಎಂದು ಮೊದಲೇ ಬರೆದುಕೊಟ್ಟವರಿಗೆ ಮಾತ್ರ ವಿನಾಯಿತಿ.

ಭಾರತದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಒಟ್ಟಿಗೇ 3 ವರ್ಷದ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಮರೆತು ಬಿಡುವವರನ್ನು ಇದು ಹಿಡಿಯುತ್ತದೆ. ಆದರೆ ಆ ಅವಧಿ ಮುಗಿದ ನಂತರದ ಹಳೆಯ ಗಾಡಿಗಳದ್ದೇ ನಿಜವಾದ ಸಮಸ್ಯೆ.

ಕ್ಯಾಲಿಫೋರ್ನಿಯಾದ ಜನ 1996ರಲ್ಲಿ ಮತ ಹಾಕಿ ಒಂದು ಕಟು ನಿಯಮ ತಂದರು. ವಿಮೆ ಇಲ್ಲದೆ ಓಡಿಸುತ್ತಿದ್ದವನಿಗೆ ಬೇರೆಯವರು ಗುದ್ದಿದರೆ ಅವನಿಗೆ ಆಸ್ಪತ್ರೆ ಖರ್ಚು, ಕಳೆದುಕೊಂಡ ಸಂಬಳ ಸಿಗುತ್ತದೆ. ನೋವು, ಮಾನಸಿಕ ಯಾತನೆಗೆ ಪರಿಹಾರ ಇಲ್ಲ.

ಪೂರ್ತಿ ಬೇರೆ ದಾರಿ ಹಿಡಿದವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ರಸ್ತೆ ಅಪಘಾತದ ಗಾಯಗಳಿಗೆ ಪರಿಹಾರ ಕೊಡುವ ನಿಧಿಗೆ ದುಡ್ಡು ಬರುವುದು ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದ. ಟ್ಯಾಂಕು ತುಂಬಿಸಿದವರೆಲ್ಲ ಕಟ್ಟಿದಂತೆಯೇ, ಹಾಗಾಗಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದರೆ ಎಚ್ಚರದಿಂದ ಓಡಿಸುವವನಿಗೂ ಅಡ್ಡಾದಿಡ್ಡಿ ಓಡಿಸುವವನಿಗೂ ಲೀಟರಿಗೆ ಒಂದೇ ದರ. ಆ ನಿಧಿಯೂ ವರ್ಷಗಳಿಂದ ಕೊರತೆಯಲ್ಲಿ ನರಳುತ್ತಿದೆ. ನ್ಯೂಜಿಲೆಂಡ್ 1974ರಿಂದ ಅಪಘಾತದ ಗಾಯಗಳನ್ನೆಲ್ಲ ಸರ್ಕಾರಿ ಯೋಜನೆಗೆ ಸೇರಿಸಿದೆ. ಅಲ್ಲಿ ಗಾಯಕ್ಕೆ ಯಾರ ತಪ್ಪು ಎಂದು ಕೇಳುವುದಿಲ್ಲ. ಕಾರಿನ ಥರ್ಡ್ ಪಾರ್ಟಿ ವಿಮೆಯೂ ಕಡ್ಡಾಯವಲ್ಲ.

ನಿಮ್ಮ ಪಾಲಿಸಿಯಲ್ಲಿ ನೋಡಬೇಕಾದದ್ದು

ಮುಂದಿನ ಸಲ ಪಾಲಿಸಿ ಕೈಗೆ ಬಂದಾಗ ಮೂರು ಸಂಗತಿ ಹುಡುಕಿ. ವಿಮೆ ಇಲ್ಲದವರು ಗುದ್ದಿದರೆ ನಿಮ್ಮ ಗಾಡಿಯ ರಿಪೇರಿ ಸಿಗುತ್ತದೆಯೇ? ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಸಿಗುವುದಿಲ್ಲ. ನಿಮಗೂ ಜೊತೆಯಲ್ಲಿ ಕೂತವರಿಗೂ ಆಗುವ ಗಾಯಕ್ಕೆ ಎಷ್ಟು ಮೊತ್ತದವರೆಗೆ ರಕ್ಷಣೆ ಇದೆ? ಮತ್ತು ಇನ್ನೊಬ್ಬರ ತಪ್ಪಿನಿಂದಾದ ಕ್ಲೇಮಿಗೂ ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದಿದ್ದುದಕ್ಕೆ ಸಿಗುವ ರಿಯಾಯಿತಿ, ಹೋಗುತ್ತದೆಯೇ? ಈ ಕೊನೆಯದಕ್ಕೆ ಕಂಪನಿಯಿಂದ ಕಂಪನಿಗೆ ಉತ್ತರ ಬೇರೆ ಇರುತ್ತದೆ. ದರ ಹೋಲಿಸಿ ನೋಡುವ ವೆಬ್‌ಸೈಟುಗಳಲ್ಲಿ ಎರಡು ಪಾಲಿಸಿಗಳ ಬೆಲೆ ಅಕ್ಕಪಕ್ಕದಲ್ಲೇ ಕಾಣುತ್ತದೆ, ಈ ವ್ಯತ್ಯಾಸ ಮಾತ್ರ ಷರತ್ತುಗಳ ಪುಟ ತೆರೆದು ಓದಿದರೆ ಸಿಗುತ್ತದೆ.